ಅಧ್ಯಕ್ಷರ ಪಕ್ಕದ ಎಲೆ

ನಮ್ಮೂರಿನಲ್ಲಿ ಮದುವೆಯೂಟಕ್ಕೆ ಹೊರಟವರು ಮುಯ್ಯಿ ಮಾಡುವುದನ್ನು ಬೇಕಾದರೆ ಮರೆತಾರು, ಸೊಂಟಕ್ಕೆ ಉಪ್ಪಿನ ಸಂಚಿ ಸಿಕ್ಕಿಸಿಕೊಳ್ಳುವುದನ್ನು ಮರೆಯುವುದಿಲ್ಲ. ಊರಿಗೆ ಊರೇ ಉಣ್ಣುವಷ್ಟು ಬೇಯಿಸಿದ ಸಾರು, ಪಲ್ಯ, ಕೋಸಂಬರಿ ಎಲ್ಲವೂ ಸಪ್ಪೆ. ಎಲೆಯ ಮುಂದೆ ಕೂತ ಮೇಲೆ ಅವರವರ ಸಂಚಿ ಬಿಚ್ಚಿ ಅವರವರೇ ಉದುರಿಸಿಕೊಳ್ಳಬೇಕು. ಅಡುಗೆಗೆ ತಾವೇ ಉಪ್ಪು ಹಾಕಿ ಬಡಿಸಿದರು ಎಂದು ಬೀಗತನ ಮುರಿದುಕೊಂಡು ಎದ್ದು ಬಂದವರಿದ್ದಾರೆ. ಯಾಕೆಂದರೆ ನಮ್ಮಲ್ಲಿ ಯಾರ ಉಪ್ಪು ತಿಂದರೆ ಅವರ ದನಿ ಬರುತ್ತದೆ. ಮತ್ತೆ ಹೊಟ್ಟೆ ಹಸಿಯುವವರೆಗೆ ಅದೇ ದನಿ. ಇಬ್ಬರು ಮೂವರ ಉಪ್ಪು ಬಿದ್ದಿದ್ದರೆ, ಕೊನೆಗೆ ನಾಲಿಗೆಗೆ ತಾಗಿದ್ದು ಯಾರದ್ದೋ ಅವರದ್ದು.

ಮನೆಯೊಳಗಾದರೆ ಒಲೆ ಮುಂದೆ ಕೂತವಳ ದನಿಯೇ ಎಲ್ಲರಿಗೂ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಗಂಡಸರು ಹೊಸಿಲು ದಾಟುವಾಗ ತಮ್ಮ ಸಂಚಿಯ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ತಮ್ಮ ದನಿ ತಾವು ತಂದುಕೊಳ್ಳುತ್ತಾರೆ. ಪೇದೆ ದುರುಗಪ್ಪ ಮಾತ್ರ ಯಾವಾಗಲೂ ಮರೆಯುತ್ತಿದ್ದ. ಸಂತೆಯಲ್ಲಿ ಕಳ್ಳನ ಹಿಂದೆ "ಏಯ್, ನಿಲ್ಲೋ" ಎಂದು ಹೆಂಡತಿಯ ಕೀರಲು ದನಿಯಲ್ಲಿ ಕೂಗಿಕೊಂಡು ಓಡುತ್ತಿದ್ದ. ಕಳ್ಳ ನಿಂತು, ತಿರುಗಿ, "ಯಾಕಕ್ಕಾ, ಏನಾಯ್ತು?" ಎಂದು ಕೇಳಿ ಸಿಕ್ಕಿಬೀಳುತ್ತಿದ್ದ.

ಊರಿನ ಪಡುವಣಕ್ಕೆ ಉಪ್ಪಿನ ಬಯಲಿತ್ತು. ಬೆಳ್ಳಗೆ, ಯಾರೋ ಹಾಲು ಚೆಲ್ಲಿ ಒರೆಸದೆ ಹೋದ ಹಾಗೆ. ಅದು ಯಾರದ್ದೂ ಅಲ್ಲ. ಬೇಸಿಗೆಯ ಬೆಳಿಗ್ಗೆಗಳಲ್ಲಿ ಊರೆಲ್ಲ ಚಿಪ್ಪು ಹಿಡಿದುಕೊಂಡು ಹೋಗಿ ತಂತಮ್ಮ ಉಪ್ಪು ಕೆರೆದುಕೊಂಡು ಬರುವುದು. ತಾನೇ ಬಗ್ಗಿ ಕೆರೆದದ್ದು ತನ್ನ ಉಪ್ಪು, ಕೂಲಿ ಕೊಟ್ಟು ಕೆರೆಸಿದ್ದು ಕೂಲಿ ಕೊಟ್ಟವನ ಉಪ್ಪು. ಮಕ್ಕಳು ಬಗ್ಗಿ ಕೆರೆಯುವಷ್ಟು ದೊಡ್ಡವರಾದಾಗ ಹೊಸ ಬಟ್ಟೆ ಹಾಕಿ, ಕೈಗೆ ಸಂಚಿ ಕೊಟ್ಟು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮಗು ಮೊದಲ ಚಿಟಿಕೆ ನಾಲಿಗೆಗಿಟ್ಟು ಬಾಯಿ ತೆರೆದರೆ, ಅಷ್ಟು ದಿನ ಅಮ್ಮನ ದನಿಯಲ್ಲೇ ಮಾತಾಡಿದ ಮಗುವಿನ ಸ್ವಂತ ದನಿ ಮೊದಲ ಸಲ ಎಲ್ಲರಿಗೂ ಕೇಳುತ್ತಿತ್ತು. ನನ್ನದು ಕೇಳಿದಾಗ ನಾನೇ ಹೆದರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆನಂತೆ.

ಅಪ್ಪ ಅಮ್ಮ ಇಲ್ಲದ ನನ್ನನ್ನೂ ತಂಗಿ ಹೂವಿಯನ್ನೂ ಸಾಕಿದವಳು ಸಂಕಮ್ಮಜ್ಜಿ. ನಮಗೆ ಮಾತ್ರವಲ್ಲ, ಆ ಬಯಲಿನಲ್ಲಿ ಉಪ್ಪು ಕೆರೆದ ಎಲ್ಲರಿಗೂ ಅವಳೇ ಅಜ್ಜಿ. ಸೊಂಟ ಬಗ್ಗಿಸಿ ಕೆರೆಯುವವರಿಗೆ ಬೇಸರ ಬಾರದಿರಲೆಂದು ಬದುವಿನ ಮೇಲೆ ಕೂತು ಕಥೆ ಹೇಳುತ್ತಿದ್ದಳು. ಅವಳ ದನಿ ಸ್ವಲ್ಪ ಒಡೆದಿತ್ತು. ಹುರಿದ ರಾಗಿಯನ್ನು ಬೀಸುವಾಗ ಬರುವ ಶಬ್ದದ ಹಾಗೆ, ಒರಟಾಗಿ, ಬೆಚ್ಚಗೆ. ಈಗ ಪುರಸಭೆಯಲ್ಲಿ ಕುರ್ಚಿ ಹಿಡಿದವರೆಲ್ಲ ಆಗ ಮೂಗು ಸುರಿಸಿಕೊಂಡು ಆ ಕಥೆ ಕೇಳಿದವರೇ.

ಅವಳ ಕಥೆಗಳಲ್ಲಿ ನನಗೆ ಪ್ರಾಣವಾಗಿದ್ದದ್ದು ಕಳ್ಳನ ಕಥೆ. ಒಬ್ಬ ಕಳ್ಳ ಒಬ್ಬಂಟಿ ಮುದುಕಿಯ ಮನೆಗೆ ನುಗ್ಗಿ, ಕದಿಯಲು ಏನೂ ಸಿಗದೆ, ಹಸಿವು ತಾಳಲಾರದೆ ಅವಳ ಜಾಡಿಯ ಉಪ್ಪಿನಕಾಯಿ ನೆಕ್ಕಿದ. ರಾಜನ ಮುಂದೆ ಎಳೆದುಕೊಂಡು ಹೋಗಿ ನಿಲ್ಲಿಸಿದಾಗ ಸುಳ್ಳು ಹೇಳಲು ಬಾಯಿ ತೆರೆದ. ಮುದುಕಿಯ ದನಿ ಬಂತು. "ದನಿ ಮುಂದೆ ಹೋಯ್ತು ಕೂಸೇ, ಮಾತು ಕರು ಹಂಗೆ ಅದರ ಹಿಂದಿಂದೇ ಹೋಯ್ತು. ಎಷ್ಟು ಜಗ್ಗಿದ್ರೂ ಸುಳ್ಳು ಬರ್ಲಿಲ್ಲ. ಇದ್ದದ್ದು ಇದ್ದ ಹಂಗೆ ಹೇಳ್ಬಿಟ್ಟ" ಎನ್ನುತ್ತಿದ್ದಳು. ನಾನು ಆ ಕಥೆಯನ್ನು ಹಾಲು ಕುಡಿದ ಹಾಗೆ ಕುಡಿದು ಬೆಳೆದೆ.

ಹೂವಿಯ ಸಂಚಿಯ ದಿನ ಬಂತು. ಹಳದಿ ಲಂಗ ಹಾಕಿಕೊಂಡು, ಎಲ್ಲರಿಗಿಂತ ಮುಂದೆ ಓಡಿ, ತಾನೇ ಕೆರೆದ ಉಪ್ಪನ್ನು ನಾಲಿಗೆಗಿಟ್ಟು ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಂದು ಚಿಟಿಕೆ ಹಾಕಿಕೊಂಡಳು. ತುಟಿ ಆಡುತ್ತಿತ್ತು, ಗಂಟಲು ಆಡುತ್ತಿತ್ತು, ಗಾಳಿ ಬಿಟ್ಟರೆ ಬೇರೆ ಏನಿಲ್ಲ. ಅವಳಿಗೆ ಸ್ವಂತ ದನಿ ಇಲ್ಲವೆಂದು ನಮಗೆ ತಿಳಿದದ್ದು ಅಂದು. ಅಜ್ಜಿ ಅಳಲಿಲ್ಲ. ಮನೆಗೆ ಕರೆತಂದು ಗಂಜಿಗೆ ತನ್ನ ಉಪ್ಪು ಹಾಕಿ ಕುಡಿಸಿ, "ನಂದೇ ಇಟ್ಕೋ ಬಿಡು. ನನಗೆ ಮಾತಾಡಿ ಮಾತಾಡಿ ಸಾಕಾಗದೆ" ಎಂದಳು. ಹೂವಿ ಅಜ್ಜಿಯ ಒಡೆದ ದನಿಯಲ್ಲೇ, "ಹಂಗಾದ್ರೆ ಬೆಲ್ಲ ಕೊಡು" ಎಂದಳು.

ಅಂಥ ಮಕ್ಕಳಿಗೆಂದೇ ಊರ ತುದಿಯಲ್ಲಿ ಒಂದು ಶಾಲೆ ಇತ್ತು. ದೊಡ್ಡವಳಾದ ಮೇಲೆ ನಾನು ಅಲ್ಲಿ ಪಾಠ ಹೇಳುವ, ಮಧ್ಯಾಹ್ನ ಬಡಿಸುವ ಕೆಲಸಕ್ಕೆ ಸೇರಿದೆ. ಹೂವಿ ಅಲ್ಲೇ ಓದುತ್ತಿದ್ದಳು. ದಿನಕ್ಕೊಬ್ಬರು ಊರಿನವರು ಬಂದು ಮಕ್ಕಳ ಅಡುಗೆಗೆ ತಮ್ಮ ಸಂಚಿಯ ಉಪ್ಪು ಹಾಕಿ ಹೋಗುವುದು ಅಲ್ಲಿಯ ಪದ್ಧತಿ. ಇವತ್ತು ಹೂ ಕಟ್ಟುವ ಚೌಡಮ್ಮನ ದನಿ, ನಾಳೆ ಅಂಚೆಯವನ ದನಿ. ಮಕ್ಕಳು ಆ ದನಿಯಲ್ಲಿ ಮಗ್ಗಿ ಹೇಳುತ್ತಿದ್ದವು, ಜಗಳವಾಡುತ್ತಿದ್ದವು, ಚಾಡಿ ಹೇಳುತ್ತಿದ್ದವು. ದನಿ ಯಾರದ್ದಾದರೂ ಮಾತು ಅವುಗಳದ್ದೇ. ದುರುಗಪ್ಪ ಬಂದ ದಿನ ಒಂದು ಹುಡುಗಿ ಅವನ ಗಡಸು ದನಿಯಲ್ಲಿ, "ನನ್ನ ರಿಬ್ಬನ್ನು ಅವಳು ಕಿತ್ಕೊಂಡ್ಳು" ಎಂದು ಗೋಳೋ ಎಂದು ಅತ್ತಾಗ ಅವನು ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆಮೇಲೆ ಒರೆಸಿಕೊಳ್ಳುತ್ತಲೇ ಇದ್ದ. ಯಾರೂ ಬಾರದ ದಿನ ನಾನು ನನ್ನ ಉಪ್ಪು ಹಾಕುತ್ತಿದ್ದೆ. ಹಂಚಿನ ಮಾಡು ಸೋರುತ್ತಿತ್ತು, ಬೇಳೆ ತೆಳ್ಳಗಿರುತ್ತಿತ್ತು, ಆದರೆ ದನಿಗೆ ಬರ ಇರಲಿಲ್ಲ.

ಅಜ್ಜಿ ಹೋದದ್ದು ಒಂದು ಮಾಗಿಯಲ್ಲಿ. ಹೋಗುವ ಮೊದಲು ನಿಂಬೆಕಾಯಿ ಕೊಯ್ದು ತರಿಸಿ, ತನ್ನ ಸಂಚಿಯನ್ನು ಪೂರ್ತಿ ಬಗ್ಗಿಸಿ ಒಂದು ಜಾಡಿ ಉಪ್ಪಿನಕಾಯಿ ಹಾಕಿಟ್ಟಿದ್ದಳು. ಬೆಳಿಗ್ಗೆ ಗಂಜಿಯ ಜೊತೆ ಹೂವಿಗೆ ಅದರ ಒಂದು ಚೂರು. ಮಧ್ಯಾಹ್ನ ಹಸಿವಾಗುವವರೆಗೆ ಅಜ್ಜಿ ನಮ್ಮ ಮನೆಯಲ್ಲಿ ಇರುತ್ತಿದ್ದಳು. ಹೂವಿ ಜಡೆ ಹಾಕಿಸಿಕೊಳ್ಳುತ್ತ ಅಜ್ಜಿಯ ದನಿಯಲ್ಲಿ ಅಜ್ಜಿಯದೇ ಕಥೆಯನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ. ಸಂಜೆ ನನ್ನ ಉಪ್ಪು ಹಾಕಿ ಬಡಿಸಿದರೆ ಮುಖ ಸಿಂಡರಿಸಿ, ನನ್ನ ದನಿಯಲ್ಲೇ, "ನಿನ್ನ ದನಿಲಿ ನನಗೆ ನಾನೇ ಬೈದಂಗಾಗ್ತದೆ ಕಣಕ್ಕಾ. ಅಜ್ಜಿದೇ ನಂದು" ಎನ್ನುತ್ತಿದ್ದಳು. ಜಾಡಿ ಇಳಿಯುತ್ತ ಬಂದಿತ್ತು. ನಾನು ಚೂರನ್ನು ಚಿಕ್ಕದು ಮಾಡುತ್ತ ಬಂದೆ.

ನಮ್ಮೂರಿನ ಪುರಸಭೆಯ ಅಧ್ಯಕ್ಷರಾದವರಿಗೆ ಒಂದು ಕಟ್ಟುಪಾಡು ಇದೆ. ಗದ್ದುಗೆ ಏರುವ ದಿನ ಎಲ್ಲರೆದುರು ಬಯಲಿನಲ್ಲಿ ಬಗ್ಗಿ ತಮ್ಮ ಉಪ್ಪು ತಾವು ಕೆರೆದು ಸಂಚಿ ತುಂಬಿಕೊಳ್ಳಬೇಕು. ಇಳಿಯುವವರೆಗೆ ಬೇರೆ ಯಾರ ಉಪ್ಪನ್ನೂ ಮುಟ್ಟಬಾರದು, ಹೆಂಡತಿಯದನ್ನೂ. ಅಧ್ಯಕ್ಷ ನಿರ್ವಾಣಪ್ಪನವರು ಇದನ್ನು ಕಣ್ಣಿಗೆ ಕಾಣುವ ಹಾಗೆ ಪಾಲಿಸುತ್ತಿದ್ದರು. ಯಾರ ಮನೆಗೆ ಹೋದರೂ ಸಂಚಿಯನ್ನು ಎಲೆಯ ಪಕ್ಕದಲ್ಲಿ ಇಡುತ್ತಿದ್ದರು. ಹಾಗಾಗಿ ಕಲ್ಲಿನ ಕ್ವಾರಿಯ ಧಣಿ ಮರುಳಸಿದ್ದಪ್ಪ ಎಷ್ಟು ಸಲ ಊಟಕ್ಕೆ ಕರೆದರೂ ಊರು ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ದಿನ ಅಧ್ಯಕ್ಷರು ಶಾಲೆಗೆ ಬಂದರು. ಸೋರುವ ಮಾಡಿನ ಕೆಳಗೆ ನಿಂತು ಕಣ್ಣು ತುಂಬಿಕೊಂಡರು. ನಮ್ಮ ದೊಡ್ಡ ಮೇಡಂ ಲೋಲಾಕ್ಷಿಯವರ ಮುಂದೆ ಕೈಮುಗಿದು, "ನಾನೇ ಒಂದು ಕರುಣೆಯ ಪಂಕ್ತಿ ಮಾಡಿಸ್ತೀನಿ ತಾಯಿ. ಶ್ರೀಮಂತರನ್ನೆಲ್ಲ ಕರಿತೀನಿ. ಬಂದೋರು ಈ ಮಕ್ಕಳ ಜೊತೆ ನೆಲದ ಮೇಲೆ ಕೂತು ಉಣ್ಲಿ. ಕೊಡೋದನ್ನ ಈ ಮಕ್ಕಳಿಗೆ ಕೊಡ್ಲಿ" ಎಂದರು.

"ಉಪ್ಪು ಯಾರದ್ದು ಸ್ವಾಮಿ?" ಎಂದು ಮೇಡಂ ಕೇಳಿದರು.

"ಅವತ್ತಿನ ದಾನಿಗಳದ್ದು. ನಿಮ್ಮಲ್ಲಿ ಇರೋ ಪದ್ಧತಿನೇ ಅಲ್ವೇ?"

"ತಾವು?"

"ನಾನೂ ಮಕ್ಕಳ ಅನ್ನವನ್ನೇ ಉಣ್ತೀನಿ. ಈ ಕೂಸುಗಳಿಗೆ ಒಂದು ಉಪ್ಪು, ನನಗೊಂದು ಉಪ್ಪೇ? ಅದು ಪಾಪ."

ಆ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ಎಂಥ ಮನುಷ್ಯ, ಮಕ್ಕಳಿಗೋಸ್ಕರ ಕಟ್ಟನ್ನೂ ಬಿಟ್ಟ ಎಂದು ಚೌಡಮ್ಮ ಹೂ ಕಟ್ಟುತ್ತ ಮೂಗು ಎಳೆದುಕೊಂಡಳು.

ಪಂಕ್ತಿಯ ದಿನ ಶಾಲೆಯ ಅಂಗಳಕ್ಕೆ ಚಪ್ಪರ ಬಿತ್ತು. ಅಧ್ಯಕ್ಷರ ಎಡಕ್ಕೆ ಒಂದು ಮಗುವಿನ ಎಲೆ, ಬಲಕ್ಕೆ ದಾನಿಯ ಎಲೆ. ಎಡದ ಎಲೆಗೆ ಹೂವಿಯನ್ನು ಆರಿಸಿದರು, ಕಣ್ಣು ದೊಡ್ಡದಿದೆಯೆಂದು. ಬಲದ ಎಲೆಯನ್ನು ಹರಾಜು ಹಾಕಿದರು, ಮಾಡಿಗೆ ಹಣ ಬೇಕಲ್ಲ. ಹೆಂಡದ ಗುತ್ತಿಗೆಯವನು, ಮರದ ಅಡ್ಡೆಯವನು, ಬಸ್ಸುಗಳಿದ್ದವನು, ಶಾಲೆ ಯಾವ ದಿಕ್ಕಿಗಿದೆಯೆಂದು ಅಂದಿನವರೆಗೆ ಗೊತ್ತಿಲ್ಲದವರೆಲ್ಲ ಏರಿಸಿ ಏರಿಸಿ ಕೂಗಿದರು. ಎಲೆ ಮರುಳಸಿದ್ದಪ್ಪನ ಪಾಲಾಯಿತು. ಅಡುಗೆಗೆ ಉಪ್ಪೂ ಅವನದೇ. ಅಧ್ಯಕ್ಷರು ಮೊದಲ ತುತ್ತನ್ನು ಹೂವಿಯ ಬಾಯಿಗಿಟ್ಟರು. ಫೋಟೊದವನು ಇನ್ನೊಮ್ಮೆ ಎಂದ. ಇನ್ನೊಮ್ಮೆ ಇಟ್ಟರು. ಆಮೇಲೆ ಊಟ ಮುಗಿಯುವವರೆಗೂ ಅವರು ಎಡಕ್ಕೆ ತಿರುಗಲಿಲ್ಲ. ನಾನು ಸಾರಿನ ಬಕೆಟ್ಟು ಹಿಡಿದು ಅವರ ಮುಂದೆ ಬಂದಾಗಲೆಲ್ಲ ಒಂದರ ಕಡೆಗೊಂದು ಬಾಗಿದ ಎರಡು ತಲೆಗಳು ಮಾತು ನಿಲ್ಲಿಸುತ್ತಿದ್ದವು, ನಾನು ಮುಂದೆ ಹೋದ ಮೇಲೆ ಮತ್ತೆ ಶುರುಮಾಡುತ್ತಿದ್ದವು.

ಅಂದೇ ಸಂಜೆ ಪುರಸಭೆ. ಕೈ ತೊಳೆದವರು ನೇರವಾಗಿ ಅಲ್ಲಿಗೆ ಹೋದರು. ಕ್ವಾರಿಯ ಲಾರಿಗಳು ಶಾಲೆಯ ಮುಂದಿನ ರಸ್ತೆಯಲ್ಲೇ ಓಡಾಡಬಹುದೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಮರುಳಸಿದ್ದಪ್ಪನ ದಪ್ಪ ದನಿಯಲ್ಲಿ.

ಮಾರನೆಯ ದಿನ ಸಂತೆಯಲ್ಲಿ ಇದೇ ಸುದ್ದಿ.

"ಅವರೇನ್ ಮಾಡ್ತಾರೆ ಬಿಡ್ರಿ, ಅವನ ಉಪ್ಪು ಹೊಟ್ಟೇಲಿತ್ತು. ದನಿ ಎಳ್ಕೊಂಡು ಹೋಯ್ತು."

"ಅವರೇನ್ ತಮಗೋಸ್ಕರ ಉಂಡ್ರಾ? ಮಕ್ಕಳಿಗೋಸ್ಕರ ಉಂಡ್ರು."

"ಹೌದು ಮತ್ತೆ. ಮಕ್ಕಳ ಅನ್ನಕ್ಕೆ ಯಾರು ಕಲ್ಲು ಹಾಕ್ತಾರೆ?"

ನಾನೂ ಹಾಗೆಯೇ ತಿಳಿದೆ. ದನಿ ಮುಂದೆ ಹೋದರೆ ಮಾತು ಕರುವಿನ ಹಾಗೆ ಹಿಂದೆ ಹೋಗುತ್ತದೆಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತಲ್ಲ.

ಮಾಡು ಬಂತು. ಸುಳ್ಳು ಹೇಳಬಾರದು, ಒಳ್ಳೆಯ ಮಾಡು. ಆ ಮಳೆಗಾಲ ಮಕ್ಕಳ ಪುಸ್ತಕ ನೆನೆಯಲಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ನಡೆದು ಬೇಳೆ ಗಟ್ಟಿಯಾಯಿತು, ಮೊಟ್ಟೆ ಬಂತು, ಕುಂಟುವ ಹುಡುಗಿಗೆ ನಡೆಯಲು ಆಧಾರವಾಗಿ ಕಾಲಿನ ಪಟ್ಟಿ ಬಂತು. ಧಣಿ ವರ್ಷವಿಡೀ ಉಪ್ಪು ಕಳಿಸತೊಡಗಿದ ಮೇಲೆ ಚೌಡಮ್ಮ, ಅಂಚೆಯವನು, ದುರುಗಪ್ಪ ಬರುವುದು ನಿಂತಿತು. ಮಕ್ಕಳೆಲ್ಲ ಒಂದೇ ದಪ್ಪ ದನಿಯಲ್ಲಿ ಮಗ್ಗಿ ಹೇಳತೊಡಗಿದವು. ಕಣ್ಣು ಮುಚ್ಚಿದರೆ ಶಾಲೆಯ ತುಂಬ ಮರುಳಸಿದ್ದಪ್ಪನೇ ಕೂತು ಓದುತ್ತಿರುವಂತೆ ಕೇಳಿಸುತ್ತಿತ್ತು.

ನಾನು ಲೋಲಾಕ್ಷಿ ಮೇಡಂ ಹತ್ತಿರ ಹೋಗಿ, "ಇದು ಸರಿಯಲ್ಲ ಅನ್ನಿಸುತ್ತೆ ಮೇಡಂ" ಎಂದೆ.

ಅವರು ತಲೆ ಎತ್ತಿ ಮಾಡನ್ನೇ ನೋಡಿದರು. "ಕೇತಕಿ, ನಾನು ಇಪ್ಪತ್ತು ವರ್ಷ ಈ ಮಕ್ಕಳ ಚಾಪೆ ಒಣಗಿಸಿದ್ದೀನಮ್ಮ. ಯಾರಿಗೆ ಹೇಳ್ಕೊಂಡೆ, ಯಾರು ಬಂದ್ರು? ಚೌಡಮ್ಮ ಒಂದು ಹಿಡಿ ಉಪ್ಪು ತಂದ್ಲು, ಒಪ್ಕೋತೀನಿ. ಹಂಚು ತಂದ್ಲಾ?"

"ಅವರು ಮಕ್ಕಳಿಗೋಸ್ಕರ ಬರ್ತಿಲ್ಲ ಮೇಡಂ. ಪಕ್ಕದ ಎಲೆಗೋಸ್ಕರ ಬರ್ತಿದ್ದಾರೆ."

"ಯಾತಕ್ಕೋಸ್ಕರ ಬಂದ್ರೆ ನನಗೇನು? ಆ ಹುಡುಗಿ ಕಾಲಿನ ಪಟ್ಟಿ ಅವರ ಮನಸ್ಸು ನೋಡ್ಕೊಂಡು ನಡೆಯುತ್ತಾ?"

ನಾನು ಬೇಳೆಯ ಪಾತ್ರೆ ಎತ್ತಿಕೊಂಡು ಬಡಿಸಲು ಹೋದೆ. ಆ ಹುಡುಗಿ ಈಗ ಓಡುತ್ತಾಳೆ.

ವರ್ಷ ತಿರುಗುವ ಹೊತ್ತಿಗೆ ದೊಡ್ಡ ಪಂಕ್ತಿಯ ಡಂಗುರ ಹೊಡೆದರು. ಅದರ ಜೊತೆಗೇ ಇನ್ನೊಂದು ಸುದ್ದಿ ಬಂತು. ಅಂದಿನ ಸಭೆಯಲ್ಲಿ ಉಪ್ಪಿನ ಬಯಲನ್ನು ಮರುಳಸಿದ್ದಪ್ಪನ ಧರ್ಮಸಂಸ್ಥೆಗೆ ಒಪ್ಪಿಸುವುದಂತೆ. ಬೇಲಿ ಹಾಕುತ್ತಾರಂತೆ. ಯಾರೂ ಬಿಸಿಲಿನಲ್ಲಿ ಬಗ್ಗಿ ಕೆರೆಯುವ ಕಷ್ಟ ಪಡಬೇಕಾಗಿಲ್ಲವಂತೆ. ಧಣಿಯೇ ಆಳಿಟ್ಟು ಕೆರೆಸಿ, ಮನೆ ಮನೆಗೆ ಚೀಲ ಕಳಿಸುತ್ತಾನಂತೆ, ಧರ್ಮಕ್ಕೆ.

"ಧರ್ಮಕ್ಕೆ ಅಂದ್ರೆ ಅವನ ಉಪ್ಪು" ಎಂದೆ ನಾನು ಚೌಡಮ್ಮನಿಗೆ. "ಊರೆಲ್ಲ ಅವನ ದನಿ ಆಗಲ್ವೇನಕ್ಕಾ?"

"ಅಯ್ಯೋ, ಸಭೇಲಿ ಯಾರಾದ್ರೂ ಬೇಡ ಅಂತಾರೆ ಬಿಡು" ಎಂದಳು. ಅವಳ ಸೊಂಟ ನೋವು ಹೆಚ್ಚಾಗಿತ್ತು. "ಆದ್ರೂ ಮನೆಗೇ ತಂದು ಕೊಡ್ತಾರೆ ಅಂದ್ರೆ..." ಎಂದು ಹೂವಿನ ದಾರ ಕಚ್ಚಿ ತುಂಡು ಮಾಡಿದಳು.

ಆ ವಾರವೆಲ್ಲ ನನ್ನ ತಲೆಯೊಳಗೆ ಕಳ್ಳ, ಮುದುಕಿ, ಜಾಡಿ. ಅಧ್ಯಕ್ಷರ ಊಟದ ಕೊನೆಗೆ, ಮೊಸರನ್ನದ ಜೊತೆ, ಅಜ್ಜಿಯ ಉಪ್ಪಿನಕಾಯಿ ಬಡಿಸಿಬಿಟ್ಟರೆ? ಕೊನೆಗೆ ತಾಗಿದ ಉಪ್ಪಿನ ದನಿಯೇ ಬರುವುದು. ಅಜ್ಜಿಯ ದನಿ ಬಯಲನ್ನು ಕೊಡಲು ಹೇಗೆ ಒಪ್ಪೀತು? ಸಾಯುವವರೆಗೂ ಆ ಬದುವಿನ ಮೇಲೆ ಕೂತ ದನಿ ಅದು.

ಜಾಡಿ ತೆಗೆದು ನೋಡಿದೆ. ತಳದಲ್ಲಿ ಒಂದೇ ಹೋಳು ಉಳಿದಿತ್ತು, ಚೂರು ಮಾಡಿದರೆ ಹೂವಿಗೆ ಇನ್ನೂ ಕೆಲವು ಬೆಳಗುಗಳು.

ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಬೆಳಗಿನ ಚೂರು ಇನ್ನೂ ಹೊಟ್ಟೆಯಲ್ಲಿದ್ದುದರಿಂದ ಅಜ್ಜಿಯ ದನಿಯಲ್ಲೇ ಕೇಳಿದಳು:

"ಅಧ್ಯಕ್ಷರು ಅಜ್ಜಿ ಹಂಗೆ ಮಾತಾಡ್ತಾರಾ?"

"ಹೂಂ."

"ಆಮೇಲೆ ಅಜ್ಜಿ ವಾಪಸ್ ಬರ್ತಾಳಾ, ನನ್ನ ಹತ್ರ?"

ನಾನು ಅವಳ ಜಡೆಯನ್ನು ಬೆನ್ನ ಮೇಲೆ ಸರಿಮಾಡಿದೆ.

"ಬರಲ್ಲ ಅಲ್ವಾ" ಎಂದಳು ಅವಳೇ. ಸ್ವಲ್ಪ ಹೊತ್ತು ಜಾಡಿಯ ಕಂಠವನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಮೂಸಿ ನೋಡಿ, ನೆಕ್ಕದೆ ಲಂಗಕ್ಕೆ ಒರೆಸಿಕೊಂಡಳು. "ಕೊಡು ಅವರಿಗೆ. ಬಯಲು ಹೋದ್ರೆ ಅಜ್ಜಿ ಬೈತಾಳೆ" ಎಂದಳು. ಹಾಗೆನ್ನುವಾಗ ಬೈಯುತ್ತಿದ್ದವಳು ಅಜ್ಜಿಯೇ.

ದೊಡ್ಡ ಪಂಕ್ತಿಗೆ ಹಿಂದೆಂದೂ ಕಾಣದಷ್ಟು ಕಾರು ಬಂದವು. ಬಲದ ಎಲೆಗೆ ಹರಾಜು ನಡೆಯಲಿಲ್ಲ, ಅದು ಮರುಳಸಿದ್ದಪ್ಪನದೇ ಎಂದು ಎಲ್ಲರಿಗೂ ಗೊತ್ತಿತ್ತು. ಎಡದ ಎಲೆಯಲ್ಲಿ ಹೂವಿ, ಒಗೆದ ಹಳದಿ ಲಂಗದಲ್ಲಿ. ಅವಳು ಏನೂ ಮುಟ್ಟಲಿಲ್ಲ. ಬೆಳಗಿನ ಗಂಜಿಯನ್ನೂ ಸಪ್ಪೆಯೇ ಕುಡಿದಿದ್ದಳು. ನಾನು ಮೊಸರನ್ನದ ಹಿಂದೆಯೇ ಚಿಕ್ಕ ಬಟ್ಟಲು ಹಿಡಿದು ಹೋಗಿ, ಆ ಹೋಳನ್ನು ಅಧ್ಯಕ್ಷರ ಎಲೆಯ ತುದಿಗೆ ಇಟ್ಟೆ.

"ಏನಮ್ಮ ಇದು?"

"ನಿಂಬೆಕಾಯಿ ಸ್ವಾಮಿ. ಮನೆಯದ್ದು."

"ಭೇಷ್" ಎಂದು ಬಾಯಿಗೆ ಹಾಕಿಕೊಂಡರು. ಚೀಪಿದರು. ಕಣ್ಣು ಒಂದು ಕ್ಷಣ ಮುಚ್ಚಿಕೊಂಡಿತು. ಅವರೂ ಚಿಕ್ಕವರಾಗಿದ್ದಾಗ ಬಯಲಿನಲ್ಲಿ ಅಜ್ಜಿಯ ಬುತ್ತಿಯಿಂದ ತಿಂದವರೇ ಇರಬೇಕು. ಸಿಪ್ಪೆಯನ್ನು ಎಲೆಯ ಬದಿಗಿಟ್ಟು ಎದ್ದರು.

ಸಭೆಯ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂ ಹೂವಿಯೂ ಕಂಬಕ್ಕೆ ಒತ್ತಿಕೊಂಡು ನಿಂತಿದ್ದೆವು. ಅಧ್ಯಕ್ಷರು ಎದ್ದು ನಿಂತು "ಬಂಧುಗಳೇ" ಎಂದರು.

ಹುರಿದ ರಾಗಿ ಬೀಸಿದ ಶಬ್ದ.

ಮರುಳಸಿದ್ದಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಚೌಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ ನಮ್ಮಜ್ಜಿ" ಎಂದಳು. ದುರುಗಪ್ಪ ಟೋಪಿ ತೆಗೆದ. ಅಧ್ಯಕ್ಷರೂ ಬೆಚ್ಚಿ ತಮ್ಮ ಗಂಟಲನ್ನು ಮುಟ್ಟಿ ನೋಡಿಕೊಂಡರು. ಕೆಮ್ಮಿದರು. ಕೆಮ್ಮೂ ಅಜ್ಜಿಯದೇ. ನಾನು ಹೂವಿಯ ಕೈ ಹಿಂಡಿದೆ. ಈಗ ಹೇಳುತ್ತಾರೆ, ಈಗ ಇದ್ದದ್ದು ಇದ್ದ ಹಾಗೆ ಬರುತ್ತದೆ.

ಅವರು ಜನರ ಮುಖಗಳನ್ನು ಒಂದು ಸುತ್ತು ನೋಡಿದರು. ಎಲ್ಲರ ಕಣ್ಣೂ ಒದ್ದೆಯಾಗಿತ್ತು. ಆ ಒದ್ದೆಯನ್ನು ಅವರು ನೋಡಿದ್ದನ್ನು ನಾನು ನೋಡಿದೆ. ಅವರ ಭುಜ ಸಡಿಲವಾಯಿತು. ಮೇಜಿನ ಹಿಂದಿನಿಂದ ಈಚೆ ಬಂದು, ಅಜ್ಜಿ ಬದುವಿನ ಮೇಲೆ ಕೂರುತ್ತಿದ್ದ ಹಾಗೆಯೇ ಮೆಟ್ಟಿಲ ಮೇಲೆ ಕೂತರು.

"ಬನ್ರೋ ಮಕ್ಕಳೇ, ಹತ್ರ ಬನ್ನಿ" ಎಂದರು. "ಒಂದೂರಲ್ಲಿ ಒಂದು ಬಿಳೀ ಬಯಲಿತ್ತಂತೆ. ಅಲ್ಲಿ ಮುದುಕ್ರು ಮೋಟ್ರು ಬಗ್ಗಿ ಬಗ್ಗಿ ಸೊಂಟ ಮುರ್ಕೊಂಡು ಉಪ್ಪು ಕೆರಿತಿದ್ರಂತೆ. ದನ ಕರ ನುಗ್ಗಿ ತುಳೀತಿದ್ವಂತೆ. ಆಗ ಒಬ್ಬ ಪುಣ್ಯಾತ್ಮ ಬಂದ. ಬೇಲಿ ಹಾಕ್ತೀನಿ, ಮನೆ ಬಾಗ್ಲಿಗೇ ತಂದ್ಕೊಡ್ತೀನಿ, ಒಂದು ಬಿಡಿಗಾಸೂ ಬೇಡ ಅಂದ..."

ಜನ ಕಥೆ ಕೇಳುವ ಹಾಗೆ ಹೂಂಗುಟ್ಟಿದರು. ನಡುವೆ ಒಂದೆರಡು ಸಲ ನಕ್ಕರು ಕೂಡ. ಕಥೆ ಮುಗಿಯುವ ಹೊತ್ತಿಗೆ ಸದಸ್ಯರ ಕೈಗಳೆಲ್ಲ ಮೇಲೆದ್ದಿದ್ದವು. ಬಯಲನ್ನು ಕೊಟ್ಟುಬಿಟ್ಟರು. ಮರುಳಸಿದ್ದಪ್ಪನ ದನಿಯಲ್ಲಿ ಕೇಳಿದ್ದರೆ ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಿದ್ದರೋ ಏನೋ. ಅಜ್ಜಿ ಕೇಳಿದರೆ ಇಲ್ಲವೆನ್ನುವವರು ಯಾರು?

ಹಿಂದಿನ ಸಲವೂ ಧಣಿಯ ಉಪ್ಪು ಅವರ ಬಾಯಿಂದ ಏನನ್ನೂ ಆಡಿಸಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ದನಿ ಯಾರದ್ದಾದರೂ ಮಾತು ಆಡುವವರದ್ದೇ ಎಂದು ಶಾಲೆಯ ಮಕ್ಕಳು ದಿನವೂ ನನ್ನ ಎದುರಿಗೇ ತೋರಿಸಿಕೊಟ್ಟಿದ್ದವು. ನಾವೆಲ್ಲ ಉಪ್ಪನ್ನು ಕಾಯುತ್ತ ಕೂತಿದ್ದೆವು. ಆಗಬೇಕಾದದ್ದೆಲ್ಲ ಪಕ್ಕದ ಎಲೆಯ ಕಡೆಗೆ ಬಾಗಿದ ತಲೆಗಳ ನಡುವೆ ಆಗಿಹೋಗಿತ್ತು.

ಹೂವಿ ನನ್ನ ಕೈ ಬಿಡಿಸಿಕೊಂಡದ್ದು ಗೊತ್ತಾಗಲಿಲ್ಲ. ಜನರ ಕಾಲುಗಳ ಸಂದಿಯಲ್ಲಿ ನುಗ್ಗಿ, ಮೆಟ್ಟಿಲ ಹತ್ತಿರ ಓಡಿ, ಕೂತಿದ್ದ ಅಧ್ಯಕ್ಷರ ಮಡಿಲಲ್ಲಿ ಮುಖವಿಟ್ಟಳು. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಅಜ್ಜಿಯ ಮಡಿಲಲ್ಲಿ ಇಡುತ್ತಿದ್ದ ಹಾಗೆ. ಅವಳಿಗೆ ಬಯಲು ಬೇಡವಾಗಿತ್ತು, ಸಭೆ ಬೇಡವಾಗಿತ್ತು. ಇನ್ನೊಂದು ಸ್ವಲ್ಪ ಹೊತ್ತು ಆ ದನಿ ಬೇಕಾಗಿತ್ತು.

ಅಧ್ಯಕ್ಷರು ಪಂಚೆಗೆ ಕೊಳೆ ತಾಗಿತೇನೋ ಎನ್ನುವ ಹಾಗೆ ಮೊಣಕಾಲು ಹಿಂದೆ ಎಳೆದುಕೊಂಡರು. ವರ್ಷವಿಡೀ ತಮ್ಮ ಎಡದ ಎಲೆಯಲ್ಲಿ ಕೂತವಳ ಮುಖವನ್ನು ಗಲ್ಲ ಹಿಡಿದು ಎತ್ತಿ ನೋಡಿದರು.

"ಯಾರದ್ರಮ್ಮ ಈ ಮಗು?" ಎಂದಳು ನಮ್ಮ ಅಜ್ಜಿ. "ಯಾರಾದ್ರೂ ಹೊರಗೆ ಕರ್ಕೊಂಡು ಹೋಗಿ."

ಬೇಲಿ ಬಂದು ಈಗ ಬಹಳ ದಿನವಾಯಿತು. ಚೀಲಗಳು ತಪ್ಪದೆ ಬರುತ್ತವೆ, ಮೇಲೆ ಕೈಮುಗಿದ ಅಧ್ಯಕ್ಷರ ಚಿತ್ರ. ಚೌಡಮ್ಮ ದಪ್ಪ ದನಿಯಲ್ಲಿ ಮಲ್ಲಿಗೆ ಕೂಗುತ್ತಾಳೆ. ತಾಯಂದಿರು ಅದೇ ದನಿಯಲ್ಲಿ ಜೋಗುಳ ಹಾಡುತ್ತಾರೆ, ಕೂಸುಗಳು ನಿದ್ದೆಯನ್ನೂ ಮಾಡುತ್ತವೆ. ದುರುಗಪ್ಪ "ನಿಲ್ಲೋ" ಎಂದರೆ ಕಳ್ಳರು ಈಗ ಹಿಂತಿರುಗಿ ನೋಡುವುದಿಲ್ಲ.

ನನ್ನ ಹಳೆಯ ಸಂಚಿಯ ಮೂಲೆಯಲ್ಲಿ ಒಂದಿಷ್ಟು ಉಪ್ಪು ಉಳಿದಿದೆ. ಅದನ್ನು ಹೂವಿಯ ಗಂಜಿಗೆ ಹಾಕಲು ಹೋದರೆ ಬಟ್ಟಲನ್ನು ಅಂಗೈಯಿಂದ ಮುಚ್ಚುತ್ತಾಳೆ. ಯಾರ ಉಪ್ಪನ್ನೂ ಅವಳು ಮುಟ್ಟುವುದಿಲ್ಲ. ಬೆಳಿಗ್ಗೆ ಜಡೆ ಹಾಕುವಾಗ ನಾನೇ ಕಥೆ ಹೇಳುತ್ತೇನೆ. ಕಳ್ಳನ ಕಥೆ ಬಂದರೆ ಎದ್ದು ಹೋಗುತ್ತಾಳೆ.

ಶಾಲೆಯಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತದೆ. ಮಾಡು ಗಟ್ಟಿಯಾಗಿದೆ, ಒಂದು ಹನಿ ಸೋರುವುದಿಲ್ಲ. ಅದರ ಕೆಳಗೆ ಸಾಲಾಗಿ ನಿಂತ ಮಕ್ಕಳು ಮರುಳಸಿದ್ದಪ್ಪನ ದನಿಯಲ್ಲಿ ದೇವರ ಹಾಡು ಹಾಡುತ್ತವೆ. ನೋಡಲು ಬಂದ ದಾನಿಗಳು ಎಷ್ಟು ಒಗ್ಗಟ್ಟು ಎಂದು ಮೆಚ್ಚಿಕೊಳ್ಳುತ್ತಾರೆ. ಆ ಸಾಲಿನಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡು ನಿಂತಿರುವುದು ಯಾರ ಕಿವಿಗೂ ಗೊತ್ತಾಗುವುದಿಲ್ಲ.